ನಿಯಮವೂ ಅಮಾನತು, ರೋಗಿಯೂ ಅಮಾನತು



ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಾ ಕುಳಿತವರ ಮಾತುಗಳನ್ನು ನೀವು ಕೇಳಿರಬಹುದು. "ಎಲ್ಲರಿಗೂ ಅದೇ ಮಾತ್ರೆ ಬರೆದುಕೊಡುತ್ತಾರೆ, ತಲೆಯೆತ್ತಿ ಮುಖವನ್ನೂ ನೋಡುವುದಿಲ್ಲ" ಎಂದು ಒಬ್ಬರು ಗೊಣಗುತ್ತಾರೆ. "ಒಬ್ಬ ಡಾಕ್ಟರು ಒಂದು ಹೇಳುತ್ತಾರೆ, ಇನ್ನೊಬ್ಬರು ಮತ್ತೊಂದು ಹೇಳುತ್ತಾರೆ, ಯಾರನ್ನು ನಂಬುವುದು?" ಎಂದು ಪಕ್ಕದವರು ಕೇಳುತ್ತಾರೆ. ಮೊದಲನೆಯವರ ದೂರು ನಿಯಮ ಹೆಚ್ಚಾಯಿತೆಂದು, ಎರಡನೆಯವರ ದೂರು ನಿಯಮವೇ ಇಲ್ಲವೆಂದು. ಎಷ್ಟೋ ಸಲ ಒಬ್ಬನೇ ವ್ಯಕ್ತಿ ಒಂದೇ ದಿನ ಈ ಎರಡು ದೂರುಗಳನ್ನೂ ಹೇಳುವುದುಂಟು.

ಇವುಗಳ ಹಿಂದೆ ಒಂದು ಗಂಭೀರ ಪ್ರಶ್ನೆಯಿದೆ. ವೈದ್ಯನು ಚಿಕಿತ್ಸೆ ನೀಡಬೇಕಾದುದು ಎಲ್ಲರಿಗೂ ಅನ್ವಯವಾಗುವಂತೆ ಬರೆದಿಟ್ಟ ಕ್ರಮದ ಪ್ರಕಾರವೋ ಅಥವಾ ತನ್ನೆದುರು ಕುಳಿತಿರುವ ಈ ಒಬ್ಬ ಮನುಷ್ಯನ ಸ್ಥಿತಿಗತಿಯ ಪ್ರಕಾರವೋ? ಇಂದು ಕೆಮ್ಮಿನಿಂದ ಹಿಡಿದು ಹೃದಯಾಘಾತದವರೆಗೆ ಪ್ರತಿಯೊಂದಕ್ಕೂ ಮಾರ್ಗಸೂಚಿಗಳಿವೆ. ಯಾವ ಔಷಧ, ಎಷ್ಟು, ಎಷ್ಟು ದಿನ, ಯಾವಾಗ ದೊಡ್ಡಾಸ್ಪತ್ರೆಗೆ ಕಳುಹಿಸಬೇಕು ಎಂಬುದೆಲ್ಲಾ ಅವುಗಳಲ್ಲಿ ಬರೆದಿರುತ್ತದೆ. ಆದರೆ ರೋಗಿಗಳು ಒಬ್ಬರಂತೆ ಒಬ್ಬರಿರುವುದಿಲ್ಲ. ಇದು ವೈದ್ಯರಿಗಷ್ಟೇ ಸೇರಿದ ವಿಚಾರವೆಂದು ತಿಳಿಯಬೇಡಿ. ನಮ್ಮ ಮನೆಯ ಬಾಣಂತಿ, ಸಕ್ಕರೆ ಕಾಯಿಲೆಯ ತಾಯಿ, ಕ್ಷಯದ ಮಾತ್ರೆ ನುಂಗುತ್ತಿರುವ ತಮ್ಮ, ಇವರೆಲ್ಲರ ಪ್ರಾಣಕ್ಕೆ ಸಂಬಂಧಿಸಿದ ವಿಚಾರವಿದು.

ನಿಯಮದ ಹಿಂದೆ ಮನುಷ್ಯರಿದ್ದಾರೆ

ನಿಯಮವೆಂದೊಡನೆ ನಮಗೆ ಕಾಗದ, ಮೊಹರು, ಕಚೇರಿ ನೆನಪಾಗುತ್ತವೆ. ವೈದ್ಯಕೀಯ ನಿಯಮಗಳು ಹುಟ್ಟಿದ್ದು ಬಹುಮಟ್ಟಿಗೆ ರೋಗಿಗಳ ಹಾಸಿಗೆಯ ಬಳಿಯಲ್ಲಿ. ಹಿಜರಿ 319ರಲ್ಲಿ, ಅಂದರೆ ಕ್ರಿ.ಶ. 931ರಲ್ಲಿ, ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ಒಬ್ಬ ರೋಗಿ ಸತ್ತ ಸುದ್ದಿ ಖಲೀಫಾ ಮುಕ್ತದಿರ್‌ಗೆ ಮುಟ್ಟಿತು. ಸಿನಾನ್ ಬಿನ್ ಸಾಬಿತ್ ಎಂಬ ಹಿರಿಯ ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಯಾರೂ ವೈದ್ಯವೃತ್ತಿ ಮಾಡಕೂಡದೆಂದು ಆತ ಆಜ್ಞೆ ಹೊರಡಿಸಿದನು. ಎಂಟುನೂರ ಅರವತ್ತಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರೆಂದು ಇತಿಹಾಸಕಾರರು ಬರೆದಿದ್ದಾರೆ. ಒಬ್ಬ ಅನಾಮಧೇಯ ರೋಗಿಯ ಸಾವು ಇಡೀ ನಗರಕ್ಕೆ ಒಂದು ನಿಯಮವನ್ನು ತಂದಿತು. ಅದಕ್ಕೂ ಸ್ವಲ್ಪ ಮೊದಲು ಬಾಳಿದ ಅಬೂಬಕರ್ ರಾಝಿ ಎಂಬ ಮಹಾವೈದ್ಯರು ಮೆದುಳಿನ ಪೊರೆಯ ಜ್ವರವಿದ್ದ ಕೆಲವರ ರಕ್ತ ತೆಗೆದು, ಇನ್ನು ಕೆಲವರನ್ನು ಉದ್ದೇಶಪೂರ್ವಕವಾಗಿ ಹಾಗೆಯೇ ಬಿಟ್ಟು, ಎರಡು ಗುಂಪುಗಳನ್ನು ಹೋಲಿಸಿ ನೋಡಿದ ಸಂಗತಿಯನ್ನು ದಾಖಲಿಸಿದ್ದಾರೆ. ತನ್ನ ಕೈಗುಣವನ್ನೇ ನಂಬದೆ ಪರೀಕ್ಷಿಸಿ ತಿಳಿಯಬೇಕೆಂಬ ವಿವೇಕ ಆಗಲೇ ಇತ್ತು.

ಇನ್ನು ನಮ್ಮ ಜಿಲ್ಲೆಗೇ ಬನ್ನಿ. ಬೆಳಗಾವಿಯ ಸದಾಶಿವನಗರಕ್ಕೆ ಹತ್ತಿರದ ನೆಹರೂನಗರದಲ್ಲಿ, 1963ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಇದೆ. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಅಲ್ಲಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಅಂದಿನ ಬೆಳಗಾಂ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ಅದರ ವಿಷಯ ಹೆರಿಗೆಯಾದ ಮೇಲಿನ ಅತಿ ರಕ್ತಸ್ರಾವ. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶವು ಬಿಗಿಯಾಗಿ ಮುದುಡಿಕೊಳ್ಳಬೇಕು. ಹಾಗಾಗದಿದ್ದರೆ ಆರೋಗ್ಯವಂತ ಹೆಂಗಸೂ ಕೆಲವೇ ಗಂಟೆಗಳಲ್ಲಿ ಪ್ರಾಣ ಬಿಡಬಹುದು. ಆಸ್ಪತ್ರೆಯಲ್ಲಿ ಇದಕ್ಕೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಅಂದಿನ ಹಳ್ಳಿಯ ಮನೆ ಹೆರಿಗೆಯಲ್ಲಿ ಅದು ಸಾಧ್ಯವಿರಲಿಲ್ಲ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ ಬೇಡ, ಸೂಜಿಯೂ ಬೇಡ. ಉಪಕೇಂದ್ರದ ಎ.ಎನ್.ಎಂ. ಸಿಸ್ಟರ್ ಅದನ್ನು ಬಾಯಿಗೆ ಕೊಟ್ಟರೆ ರಕ್ತಸ್ರಾವ ತಡೆಯಬಹುದೇ ಎಂಬುದೇ ಪ್ರಶ್ನೆಯಾಗಿತ್ತು.

ಒಟ್ಟು 1620 ಹೆಂಗಸರು ಈ ಅಧ್ಯಯನದಲ್ಲಿ ಪಾಲ್ಗೊಂಡರು. 812 ಮಂದಿಗೆ ನಿಜವಾದ ಮಾತ್ರೆ, 808 ಮಂದಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಸಿಕ್ಕಿತೆಂದು ಕೊಟ್ಟ ಸಿಸ್ಟರ್‌ಗೂ ತಿಳಿದಿರಲಿಲ್ಲ. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರಿಯ ಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಗಿತ್ತು. ಔಷಧ ಪಡೆದವರಲ್ಲಿ ಅದು ನೂರಕ್ಕೆ 6.4ಕ್ಕೆ ಇಳಿದಿತ್ತು. ತೀರಾ ಗಂಭೀರವಾದ ರಕ್ತಸ್ರಾವ ನೂರಕ್ಕೆ 1.2ರಿಂದ 0.2ಕ್ಕೆ ಇಳಿದಿತ್ತು. ಕೆಲವರಿಗೆ ಸ್ವಲ್ಪ ಹೊತ್ತು ನಡುಕ, ಜ್ವರ ಬಂದುಹೋದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉದ್ದೇಶಕ್ಕಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈಗ ಆ 808 ತಾಯಂದಿರ ಬಗ್ಗೆ ಒಂದು ಗಳಿಗೆ ಯೋಚಿಸಿ. ಅವರಿಗೆ ಸಿಕ್ಕಿದ್ದು ಬರಿಯ ಮಾತ್ರೆ. ಆ ದಿನಗಳಲ್ಲಿ ಮನೆ ಹೆರಿಗೆಯಲ್ಲಿ ಯಾವ ಔಷಧವೂ ಕೊಡುವ ರೂಢಿಯಿರಲಿಲ್ಲ, ಆದ್ದರಿಂದ ಇದ್ದದ್ದನ್ನು ಅವರಿಂದ ಕಿತ್ತುಕೊಂಡಂತಾಗಲಿಲ್ಲ ಎಂಬುದು ನಿಜ. ಆದರೂ ಅವರಲ್ಲಿ ರಕ್ತ ಸುರಿಸಿದವರಿದ್ದರು. ಅವರ ಹೆಸರು ನಮಗೆ ತಿಳಿದಿಲ್ಲ. ಇಂದು ಲೋಕದ ಯಾವುದೋ ಮೂಲೆಯ ಗುಡಿಸಲಿನಲ್ಲಿ ಹೆರುವ ಹೆಣ್ಣುಮಗಳಿಗೆ ಆ ಮಾತ್ರೆ ಸಿಗುತ್ತಿದ್ದರೆ ಅದರಲ್ಲಿ ಬೆಳಗಾವಿಯ ಹಳ್ಳಿಗಳ ಈ ಹೆಂಗಸರ ಪಾಲಿದೆ. ಒಂದು ಉತ್ತಮ ವೈದ್ಯಕೀಯ ನಿಯಮವೆಂದರೆ ಹೀಗೆ ಅಪರಿಚಿತರು ನಮ್ಮ ಕೈಯಲ್ಲಿ ಬಿಟ್ಟುಹೋದ ಅಮಾನತು. "ಇದೆಲ್ಲ ಪುಸ್ತಕದ ಬದನೆಕಾಯಿ, ನನಗೆ ಅನುಭವವಿದೆ" ಎಂದು ಅದನ್ನು ಬದಿಗೊತ್ತುವ ವೈದ್ಯನು ಆ ಅಮಾನತಿಗೆ ದ್ರೋಹ ಬಗೆಯುತ್ತಾನೆ.

ಅನುಭವದ ಕಣ್ಣೂ ಮೋಸಹೋಗುತ್ತದೆ

ಅನುಭವಕ್ಕೆ ಬೆಲೆಯಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. ಆದರೆ ಅದೇ ಅಧ್ಯಯನಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಕೇಳಿ. ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತೆಂದು ಅಳೆಯಲು ಸಂಶೋಧಕರು ಅಳತೆಯ ಗೆರೆಗಳುಳ್ಳ ಒಂದು ಸರಳ ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿದರು. ಅದನ್ನು ಬಾಣಂತಿಯ ಕೆಳಗೆ ಹಾಸಿದರೆ ರಕ್ತವು ಅದರ ಚೀಲದಲ್ಲಿ ಸೇರುತ್ತದೆ. ಕಣ್ಣಂದಾಜಿನ ಅಳತೆಯನ್ನು ಇದರ ಅಳತೆಯೊಂದಿಗೆ ಹೋಲಿಸಿದಾಗ ಕಣ್ಣಂದಾಜು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಬಟ್ಟೆಯಲ್ಲಿ ಹೀರಿಹೋದದ್ದು, ನೆಲಕ್ಕೆ ಹರಿದದ್ದು, ನೀರಿನೊಂದಿಗೆ ಬೆರೆತದ್ದು ಕಣ್ಣಿಗೆ ಸರಿಯಾಗಿ ಲೆಕ್ಕ ಸಿಗುವುದಿಲ್ಲ. "ಇದು ಮಾಮೂಲಿ, ಎಷ್ಟು ಹೆರಿಗೆ ನೋಡಿಲ್ಲ ನಾನು" ಎನ್ನುವ ಪಳಗಿದ ಕೈ ಅಪಾಯವನ್ನು ಗುರುತಿಸುವಷ್ಟರಲ್ಲಿ ತಡವಾಗಿರುತ್ತದೆ.

ಅಂಥದೇ ಅಳತೆಯ ಚೀಲದೊಂದಿಗೆ, ರಕ್ತಸ್ರಾವ ಕಂಡೊಡನೆ ಮಾಡಬೇಕಾದ ಕೆಲಸಗಳನ್ನೆಲ್ಲ ಒಂದಾಗಿ ಮಾಡುವ ಕ್ರಮವನ್ನು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಲಾಯಿತು. 2023ರಲ್ಲಿ ಅದರ ಫಲಿತಾಂಶ ಬಂದಿತು. ಗಂಭೀರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಅಥವಾ ಅದರಿಂದ ಸಾವು, ಇವುಗಳಲ್ಲಿ ಯಾವುದಾದರೊಂದು ಸಂಭವಿಸುವುದು ನೂರಕ್ಕೆ 4.3ರಿಂದ 1.6ಕ್ಕೆ ಇಳಿದಿತ್ತು. ಅಲ್ಲಿ ಹೊಸ ಔಷಧವೇನೂ ಇರಲಿಲ್ಲ. ಸರಿಯಾಗಿ ಅಳೆದದ್ದು, ತಡಮಾಡದೆ ಕ್ರಮ ತಪ್ಪದೆ ಮಾಡಿದ್ದು, ಇಷ್ಟೇ.

ಹದಿನೆಂಟರಲ್ಲಿ ಒಬ್ಬಳು

ಇಷ್ಟಾದ ಮೇಲೆ, ನಿಯಮವನ್ನು ಕಣ್ಣುಮುಚ್ಚಿ ಪಾಲಿಸಿದರೆ ಸಾಕಲ್ಲವೇ ಎಂದು ತೋರಬಹುದು. ಸಾಲದು. ಏಕೆ ಸಾಲದೆಂಬುದನ್ನೂ ಅದೇ ಅಧ್ಯಯನದ ಅಂಕಿಗಳು ಹೇಳುತ್ತವೆ.

ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳಿಗೆ ಆಗಬೇಕಾಗಿದ್ದ ಅತಿ ರಕ್ತಸ್ರಾವ ತಪ್ಪುತ್ತದೆ ಎಂಬುದು ಅದರ ಸಾರ. ಆ ಹದಿನೆಂಟು ಮಂದಿಯನ್ನು ನಿಮ್ಮ ಕಣ್ಣಮುಂದೆ ನಿಲ್ಲಿಸಿಕೊಳ್ಳಿ. ಸುಮಾರು ಹದಿನಾರು ಮಂದಿಗೆ ಮಾತ್ರೆ ಇಲ್ಲದಿದ್ದರೂ ಅಪಾಯವಾಗುತ್ತಿರಲಿಲ್ಲ. ಒಬ್ಬಳು ಮಾತ್ರೆಯಿಂದ ಉಳಿದಳು. ಇನ್ನೊಬ್ಬಳಿಗೆ ಮಾತ್ರೆ ನುಂಗಿದ ಮೇಲೂ ರಕ್ತ ಹರಿಯುತ್ತದೆ. ಯಾರು ಯಾರೆಂದು ಮುಂಚಿತವಾಗಿ ತಿಳಿಯದ ಕಾರಣ ಎಲ್ಲರಿಗೂ ಕೊಡಬೇಕು, ಇದು ನಿಯಮ. ಆದರೆ ಮಾತ್ರೆ ಕೊಟ್ಟಾಯಿತು, ರಿಜಿಸ್ಟರಿನಲ್ಲಿ ಬರೆದಾಯಿತು, ನನ್ನ ಕೆಲಸ ಮುಗಿಯಿತು ಎಂದು ಸಿಸ್ಟರ್ ಎದ್ದುಹೋದರೆ ಆ ಹದಿನೆಂಟನೆಯವಳ ಗತಿಯೇನು? ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ನಾಡಿ ಹಿಡಿದು, "ಹೇಗನ್ನಿಸುತ್ತಿದೆ ತಂಗಿ?" ಎಂದು ಕೇಳುವವರು ಬೇಕು.

ಇನ್ನೊಂದು ಮಾತು. ಬಹುಕಾಲದಿಂದ 500 ಮಿ.ಲೀ. ರಕ್ತ ಹೋದರೆ ಅತಿ ರಕ್ತಸ್ರಾವವೆಂದು ಎಣಿಸಲಾಗುತ್ತಿತ್ತು. ಆದರೆ 500 ಮಿ.ಲೀ. ಎಂಬುದು ಎಲ್ಲ ಹೆಂಗಸರಿಗೂ ಒಂದೇ ಭಾರವೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ತುಂಬಿದ ಕೊಡದಿಂದ ಒಂದು ಲೋಟ ನೀರು ತೆಗೆಯುವುದಕ್ಕೂ ತಳ ಕಾಣುತ್ತಿರುವ ಕೊಡದಿಂದ ತೆಗೆಯುವುದಕ್ಕೂ ವ್ಯತ್ಯಾಸವಿಲ್ಲವೇ? 2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊರಡಿಸಿದ ಹೊಸ ಮಾರ್ಗಸೂಚಿಯು ಇದನ್ನು ಒಪ್ಪಿಕೊಂಡಿದೆ. 300 ಮಿ.ಲೀ. ಹೋದಾಗಲೇ ತಾಯಿಯ ನಾಡಿ ಅಥವಾ ರಕ್ತದೊತ್ತಡದಲ್ಲಿ ಏರುಪೇರು ಕಂಡರೆ ಕೂಡಲೇ ಚಿಕಿತ್ಸೆ ಆರಂಭಿಸಬೇಕೆಂದು ಅದು ಹೇಳುತ್ತದೆ. ಅಂದರೆ ಅಳತೆಯ ಚೀಲವನ್ನೂ ನೋಡು, ಈ ಹೆಂಗಸನ್ನೂ ನೋಡು ಎಂದು ಈಗ ನಿಯಮವೇ ಆದೇಶಿಸುತ್ತಿದೆ.

ದೇಹ ಮಾತ್ರವಲ್ಲ, ಊರೂ ಬೇರೆ ಬೇರೆ. ಸದಾಶಿವನಗರದ ಒಬ್ಬ ಗರ್ಭಿಣಿಗೆ ನಡುರಾತ್ರಿ ನೋವು ಕಾಣಿಸಿಕೊಂಡರೆ ಆಟೋದಲ್ಲಿ ಕೆಲವೇ ನಿಮಿಷಗಳಲ್ಲಿ ದೊಡ್ಡ ಆಸ್ಪತ್ರೆಯ ಬಾಗಿಲು ಸಿಗುತ್ತದೆ. ಅದೇ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಜಾಂಬೋಟಿ, ಕಣಕುಂಬಿಯ ಆಚೆ ಕಾಡಿನೊಳಗೆ ಹಳ್ಳಿಗಳಿವೆ. ಮುಂಗಾರಿನಲ್ಲಿ ಹಳ್ಳಗಳು ತುಂಬಿ ಹರಿದರೆ ಅಲ್ಲಿಗೆ 108 ಆಂಬುಲೆನ್ಸ್ ತಲುಪುವುದಿಲ್ಲ. ರೋಗಿಯನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಡಾಂಬರು ರಸ್ತೆಯವರೆಗೆ ತರಬೇಕಾಗುತ್ತದೆ. "ನೋವು ಶುರುವಾದ ಮೇಲೆ ಬನ್ನಿ" ಎಂಬ ಒಂದೇ ಮಾತು ಮೊದಲನೆಯವಳಿಗೆ ಸರಿಯಾದ ಸಲಹೆ, ಎರಡನೆಯವಳಿಗೆ ಮರಣಶಾಸನವಾಗಬಹುದು. ತಾಯಿ ಕಾರ್ಡಿನಲ್ಲಿ ಇಬ್ಬರ ತೂಕ, ಒತ್ತಡ, ರಕ್ತದ ಅಂಶ ಒಂದೇ ಇದ್ದರೂ ಊರಿನ ಹೆಸರನ್ನು ಓದಿ, ಜುಲೈ ತಿಂಗಳೆಂಬುದನ್ನು ನೆನೆದು, "ನೀನು ಎಂಟು ದಿನ ಮೊದಲೇ ಬಂದು ತಾಲೂಕು ಕೇಂದ್ರದ ಸಂಬಂಧಿಕರ ಮನೆಯಲ್ಲಿ ಇರಮ್ಮ" ಎಂದು ಹೇಳುವ ವೈದ್ಯರೇ ಸರಿಯಾದ ವೈದ್ಯರು. ಹೆರಿಗೆ ಸುರಕ್ಷಿತವಾಗಿರಬೇಕು ಎಂಬ ನಿಯಮದ ಉದ್ದೇಶವನ್ನು ಅವರು ಈ ಒಬ್ಬಳಿಗೂ ತಲುಪಿಸಿದ್ದಾರೆ.

ನೂರು ವೈದ್ಯರು, ಎಂಬತ್ತು ಬಗೆ

ಹಾಗಾದರೆ ಪ್ರತಿಯೊಬ್ಬ ವೈದ್ಯನೂ ತನಗೆ ತೋಚಿದಂತೆ ಮಾಡಲೆಂದು ಬಿಡಬಹುದೇ? ಇದಕ್ಕೆ ಕ್ಷಯರೋಗದ ಕಥೆ ಉತ್ತರ ಹೇಳುತ್ತದೆ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮುಂಬಯಿಯ ನೂರು ಖಾಸಗಿ ವೈದ್ಯರನ್ನು ಕ್ಷಯಕ್ಕೆ ಏನು ಬರೆದುಕೊಡುತ್ತೀರೆಂದು ಕೇಳಲಾಯಿತು. ಅವರು ಬರೆದುಕೊಟ್ಟದ್ದು ಎಂಬತ್ತು ಬಗೆಯ ಚಿಕಿತ್ಸಾ ಕ್ರಮಗಳನ್ನು! ರೋಗ ಒಂದೇ, ಔಷಧಗಳೂ ಬೆರಳೆಣಿಕೆಯಷ್ಟೇ. ಎಂಬತ್ತು ಬಗೆ ಬಂದದ್ದು ರೋಗಿಗಳು ಎಂಬತ್ತು ಬಗೆಯವರಿದ್ದರೆಂದಲ್ಲ. ಒಬ್ಬೊಬ್ಬ ವೈದ್ಯರ ರೂಢಿ ಒಂದೊಂದು ಬಗೆಯದಾಗಿತ್ತು. ಅರೆಬರೆ ಔಷಧ ತಿಂದ ಕ್ಷಯರೋಗಿಯ ದೇಹದಲ್ಲಿ ಔಷಧಕ್ಕೆ ಬಗ್ಗದ ಕ್ರಿಮಿಗಳು ಬೆಳೆದು, ಅವನ ಕೆಮ್ಮಿನಿಂದ ಮನೆಯವರಿಗೆ, ನೆರೆಯವರಿಗೆ ಹರಡುತ್ತವೆ. ಒಬ್ಬನ ಸ್ವೇಚ್ಛೆಯ ಬೆಲೆಯನ್ನು ಊರು ತೆರುತ್ತದೆ.

ಸರಕಾರದ ಕ್ಷಯ ಕಾರ್ಯಕ್ರಮದ ಇತಿಹಾಸದಲ್ಲಿ ನಮ್ಮ ನಾಡಿಗೆ ವಿಶೇಷ ಸ್ಥಾನವಿದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೇ 1962ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ರೂಪ ಕೊಟ್ಟಿತು. ಅಲ್ಲಿನ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನೇ ಮಾತನಾಡಿಸಿದರು. ಹಳ್ಳಿಗರಿಗೆ ತಮ್ಮ ರೋಗದ ಅರಿವಿಲ್ಲ ಎಂಬುದು ಅಂದಿನ ವಿದ್ಯಾವಂತರ ನಂಬಿಕೆಯಾಗಿತ್ತು. ಆದರೆ ಕ್ಷಯದ ಲಕ್ಷಣಗಳಿದ್ದವರಲ್ಲಿ ಅರ್ಧದಷ್ಟು ಮಂದಿ ಆಗಲೇ ಸರಕಾರಿ ಆಸ್ಪತ್ರೆಗೆ ಹೋಗಿಬಂದಿದ್ದರೆಂದೂ, ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯ ಕೆಮ್ಮಿನ ಔಷಧವೆಂದೂ 1963ರ ಈ ಅಧ್ಯಯನದಿಂದ ಗೊತ್ತಾಯಿತು. ರೋಗಿಯನ್ನು ಕೇಳಿ ಕಟ್ಟಿದ ನಿಯಮ ಗಟ್ಟಿಯಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆ ಮೇಲೆಯೂ ನಿಯಮ ತಿದ್ದುಪಡಿಯಾಗುತ್ತಲೇ ಬಂದಿದೆ. ಒಂದು ಕಾಲದಲ್ಲಿ ಬಹುಪಾಲು ವಯಸ್ಕರಿಗೆ ಒಂದೇ ಅಳತೆಯ ಮಾತ್ರೆಗಳನ್ನು ವಾರಕ್ಕೆ ಮೂರು ಬಾರಿ ಕೊಡುತ್ತಿದ್ದರು. 2017ರ ಅಕ್ಟೋಬರಿನಿಂದ ದೇಶದಾದ್ಯಂತ ರೋಗಿಯ ತೂಕಕ್ಕೆ ತಕ್ಕಂತೆ ಪ್ರತಿದಿನ ಕೊಡುವ ಕ್ರಮ ಬಂದಿತು. ಬಡಕಲು ಕೂಲಿಯಾಳಿಗೂ ದಷ್ಟಪುಷ್ಟ ವ್ಯಾಪಾರಿಗೂ ಒಂದೇ ಅಳತೆ ಸಲ್ಲದೆಂಬ ತಿಳಿವಳಿಕೆ ನಿಯಮದೊಳಗೇ ಸೇರಿತು. ಯಾರೋ ಒಬ್ಬ ವೈದ್ಯ ಗುಟ್ಟಾಗಿ ಬದಲಾಯಿಸಿದ್ದಲ್ಲ ಇದು. ಬಹಿರಂಗವಾಗಿ ಚರ್ಚಿಸಿ, ಕಾರಣ ಕೊಟ್ಟು ಎಲ್ಲರಿಗಾಗಿ ಬದಲಾಯಿಸಿದ್ದು.

ಗಾಯಾಳುವಿನ ಸಾವು

ಈ ಪ್ರಶ್ನೆ ನಮ್ಮ ಧಾರ್ಮಿಕ ಪರಂಪರೆಗೆ ಹೊಸದಲ್ಲ. ಅಬೂದಾವೂದ್ ಸಂಗ್ರಹದಲ್ಲಿರುವ ಎರಡು ವರದಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಒಂದರ ಪ್ರಕಾರ, ವೈದ್ಯವಿದ್ಯೆಯನ್ನು ಅರಿಯದೆ ಚಿಕಿತ್ಸೆ ಮಾಡಿದವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ) ತಿಳಿಸಿದರು. ಅಂದರೆ ಕಲಿತ, ಪರೀಕ್ಷಿತ ಕ್ರಮವಿಲ್ಲದೆ ಜೀವದೊಂದಿಗೆ ಆಟವಾಡುವಂತಿಲ್ಲ.

ಇನ್ನೊಂದನ್ನು ಜಾಬಿರ್(ರ) ವರದಿ ಮಾಡಿದ್ದಾರೆ. ಪ್ರಯಾಣವೊಂದರಲ್ಲಿ ಒಬ್ಬರ ತಲೆಗೆ ಕಲ್ಲು ತಾಗಿ ಗಾಯವಾಯಿತು. ಅನಂತರ ಅವರಿಗೆ ಸ್ನಾನ ಕಡ್ಡಾಯವಾಗುವ ಸ್ಥಿತಿ ಬಂದಿತು. ನೀರಿನ ಬದಲು ತಯಮ್ಮುಮ್ ಮಾಡಬಹುದೇ ಎಂದು ಅವರು ಸಂಗಡಿಗರನ್ನು ವಿಚಾರಿಸಿದರು. ನೀರು ಲಭ್ಯವಿರುವುದರಿಂದ ನಿಮಗೆ ಆ ರಿಯಾಯಿತಿ ಇಲ್ಲವೆಂದು ಅವರು ಹೇಳಿದರು. ಗಾಯಾಳು ಸ್ನಾನ ಮಾಡಿದರು, ಮರಣ ಹೊಂದಿದರು. ಸುದ್ದಿ ತಿಳಿದಾಗ ಪ್ರವಾದಿ(ಸ) ಅತ್ಯಂತ ಕಠಿಣವಾದ ಮಾತುಗಳಲ್ಲಿ ಆ ಸಂಗಡಿಗರನ್ನೇ ಸಾವಿಗೆ ಹೊಣೆಯಾಗಿಸಿದರು, ತಿಳಿಯದಿದ್ದಾಗ ಕೇಳುವುದೇ ಅಜ್ಞಾನಕ್ಕೆ ಮದ್ದೆಂದು ಎಚ್ಚರಿಸಿದರು.

ಗಮನಿಸಿ, ಆ ಸಂಗಡಿಗರು ಕೆಟ್ಟವರಲ್ಲ. ಅವರು ಹೇಳಿದ ನಿಯಮವೂ ಸುಳ್ಳಲ್ಲ. ನೀರಿದ್ದಲ್ಲಿ ನೀರಿನಿಂದಲೇ ಸ್ನಾನ ಎಂಬುದು ಸಾಮಾನ್ಯ ನಿಯಮ. ಆದರೆ ಎದುರಿಗಿದ್ದ ಮನುಷ್ಯನ ತಲೆಯ ಗಾಯವು ಅವರ ಲೆಕ್ಕಕ್ಕೆ ಬರಲಿಲ್ಲ. ನಿಯಮದಲ್ಲೇ ರೋಗಿಗೆ ಬೇರೆ ದಾರಿಯುಂಟೆಂಬುದನ್ನು ಅವರು ತಿಳಿದಿರಲಿಲ್ಲ, ತಿಳಿದವರನ್ನು ಕೇಳಲೂ ಇಲ್ಲ. ನಮ್ಮ ಕರ್ಮಶಾಸ್ತ್ರಜ್ಞರು ಸಾಮಾನ್ಯ ವಿಧಿಯನ್ನು ಅಝೀಮತ್ ಎಂದೂ ಕಷ್ಟದ ಸ್ಥಿತಿಯ ರಿಯಾಯಿತಿಯನ್ನು ರುಖ್ಸತ್ ಎಂದೂ ಕರೆದರು. ರುಖ್ಸತ್ ಎಂದರೆ ಕಾನೂನನ್ನು ಮುರಿಯುವುದಲ್ಲ. ಅದೂ ಕಾನೂನಿನ ಒಂದು ಬಾಗಿಲೇ. ಅದನ್ನು ಯಾರಿಗೆ ತೆರೆಯಬೇಕು, ಯಾವಾಗ ತೆರೆಯಬೇಕು ಎಂಬುದಕ್ಕೂ ಷರತ್ತುಗಳಿವೆ.

ರಮಝಾನಿನ ಉಪವಾಸವನ್ನೇ ತೆಗೆದುಕೊಳ್ಳಿ. ರೋಗಿಗಳು ಮತ್ತು ಪ್ರಯಾಣಿಕರು ಬೇರೆ ದಿನಗಳಲ್ಲಿ ಲೆಕ್ಕ ಪೂರ್ತಿಗೊಳಿಸಬಹುದೆಂದು ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದಲ್ಲಿ ಅನುಮತಿಯಿದೆ. ಆದರೂ ಸಕ್ಕರೆ ಕಾಯಿಲೆಯ ನಮ್ಮ ಹಿರಿಯರು "ಒಂದು ರೋಜಾ ಕೂಡ ಬಿಟ್ಟಿಲ್ಲ" ಎಂಬುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2001ರಲ್ಲಿ 13 ದೇಶಗಳ 12,243 ಮಧುಮೇಹಿಗಳನ್ನು ಕುರಿತು ನಡೆದ ಅಧ್ಯಯನದಲ್ಲಿ, ಎರಡನೆಯ ಬಗೆಯ ಮಧುಮೇಹವಿದ್ದವರಲ್ಲಿ ನೂರಕ್ಕೆ 79 ಮಂದಿ ಕನಿಷ್ಠ ಹದಿನೈದು ದಿನ ಉಪವಾಸವಿದ್ದರೆಂದು ಕಂಡುಬಂದಿತು. ಆ ತಿಂಗಳಲ್ಲಿ ಅವರಲ್ಲಿ ಸಕ್ಕರೆ ಅಪಾಯಕರವಾಗಿ ಇಳಿದ ಗಂಭೀರ ಪ್ರಸಂಗಗಳು ಇತರ ತಿಂಗಳುಗಳಿಗಿಂತ ಸುಮಾರು ಏಳೂವರೆ ಪಟ್ಟು ಹೆಚ್ಚಾಗಿದ್ದವು.

ಇಲ್ಲಿ ವೈದ್ಯನು ಏನು ಹೇಳಬೇಕು? "ಸಕ್ಕರೆ ಇರುವವರು ಯಾರೂ ಉಪವಾಸ ಮಾಡಬೇಡಿ" ಎಂದರೆ ಹೆಚ್ಚಿನವರು ಕೇಳುವುದಿಲ್ಲ. ಮುಂದೆ ಅವರು ಹೇಳದೆಯೇ ಉಪವಾಸ ಮಾಡುತ್ತಾರೆ. "ನಿಮ್ಮಿಷ್ಟ" ಎಂದರೆ ಹೊಣೆಯಿಂದ ನುಣುಚಿಕೊಂಡಂತೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು 2016ರಲ್ಲಿ ಹೊರತಂದು 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಮೂರನೆಯ ದಾರಿ ತೋರಿಸುತ್ತದೆ. ಕಾಯಿಲೆ ಯಾವ ಬಗೆಯದು, ಎಷ್ಟು ವರ್ಷದ್ದು, ಇನ್ಸುಲಿನ್ ಇದೆಯೇ, ಮೂತ್ರಪಿಂಡ ಹೇಗಿದೆ, ಸಕ್ಕರೆ ಇಳಿದು ತಲೆಸುತ್ತಿದ್ದುಂಟೇ, ಗರ್ಭಿಣಿಯೇ, ಮೈಮುರಿದು ದುಡಿಯುವವರೇ, ಕಳೆದ ರಮಝಾನ್ ಹೇಗೆ ಕಳೆಯಿತು ಎಂದೆಲ್ಲ ಕೇಳಿ, ಒಂದೊಂದಕ್ಕೂ ಅಂಕ ಕೊಟ್ಟು, ಒಟ್ಟು ಅಂಕದ ಪ್ರಕಾರ ಸಲಹೆ ಕೊಡಬೇಕೆಂದು ಅದು ಹೇಳುತ್ತದೆ. ಉಪವಾಸವಿರುವವರ ಮಾತ್ರೆಯ ವೇಳೆ, ಅಳತೆಗಳನ್ನು ವೈದ್ಯರು ಮುಂಚೆಯೇ ಬದಲಾಯಿಸಿಕೊಡಬೇಕು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ಬೆರಳು ಚುಚ್ಚಿ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. ಇದು ಮಾರ್ಗಸೂಚಿಯೂ ಹೌದು, ಒಬ್ಬೊಬ್ಬರನ್ನೂ ಬೇರೆಯಾಗಿ ನೋಡುವ ಕ್ರಮವೂ ಹೌದು. ಅದೇ ಮಾರ್ಗಸೂಚಿಯನ್ನು ಓದಿ ಗದ್ದೆಯಲ್ಲಿ ದುಡಿಯುವ, ಇನ್ಸುಲಿನ್ ಚುಚ್ಚಿಕೊಳ್ಳುವ ಒಬ್ಬರಿಗೆ "ಬೇಡ ಚಾಚಾ, ಈ ರಿಯಾಯಿತಿ ನಿಮ್ಮಂಥವರಿಗಾಗಿಯೇ ಇದೆ" ಎಂದೂ, ಪಥ್ಯದಲ್ಲೇ ಸಕ್ಕರೆ ಹಿಡಿತದಲ್ಲಿರುವ ಇನ್ನೊಬ್ಬರಿಗೆ "ಇರಬಹುದು ಖಾಲಾ, ಆದರೆ ಹೀಗೆ ಹೀಗೆ ಎಚ್ಚರ ವಹಿಸಿ" ಎಂದೂ ವೈದ್ಯರು ಹೇಳಬಹುದು.

ವಿನಾಯಿತಿ ಯಾರ ಸಲುವಾಗಿ?

ಇಲ್ಲಿಗೆ ಮುಖ್ಯ ಪ್ರಶ್ನೆಗೆ ಬಂದೆವು. ವೈದ್ಯನು ಬರೆದಿಟ್ಟ ಕ್ರಮವನ್ನು ಯಾವಾಗ ಬಿಡಬಹುದು? ನನ್ನ ಅಭಿಪ್ರಾಯದಲ್ಲಿ ಮೂರು ಪರೀಕ್ಷೆಗಳಿವೆ. ಮೊದಲನೆಯದಾಗಿ, ಕಾರಣವು ರೋಗಿಯ ದೇಹದಲ್ಲಿ ಅಥವಾ ಬದುಕಿನಲ್ಲಿ ಇರಬೇಕು. ಅವಳ ರಕ್ತಹೀನತೆ, ಅವನ ಮೂತ್ರಪಿಂಡ, ಅವರ ಊರಿನ ಹೊಳೆ, ಇವು ಕಾರಣಗಳು. ವೈದ್ಯನ ಅವಸರ, ಆಸ್ಪತ್ರೆಯ ಲಾಭ, ಔಷಧ ಕಂಪೆನಿಯ ಉಡುಗೊರೆ, ರೋಗಿಯ ಕಡೆಯವರ ವಶೀಲಿ, ಇವು ಯಾವುವೂ ಕಾರಣಗಳಲ್ಲ. ಎರಡನೆಯದಾಗಿ, ಆ ಕಾರಣವನ್ನು ಕೇಸ್ ಪೇಪರಿನಲ್ಲಿ ಬರೆಯಲು, ಇನ್ನೊಬ್ಬ ವೈದ್ಯರೆದುರು ಹೇಳಲು ಸಂಕೋಚವಾಗಬಾರದು. ಬರೆಯಲಾಗದ ಕಾರಣ ಹೆಚ್ಚಾಗಿ ಸರಿಯಾದ ಕಾರಣವಾಗಿರುವುದಿಲ್ಲ. ಮೂರನೆಯದಾಗಿ, ಕ್ರಮವನ್ನು ಬಿಟ್ಟ ಮೇಲೆ ರೋಗಿಯ ಮೇಲಿನ ನಿಗಾ ಹೆಚ್ಚಾಗಬೇಕು. ಹೆದ್ದಾರಿ ಬಿಟ್ಟು ಕಾಲುದಾರಿ ಹಿಡಿದವನು ಹೆಜ್ಜೆಹೆಜ್ಜೆಗೂ ನೋಡಿ ನಡೆಯಬೇಡವೇ?

ಇದೇ ಪರೀಕ್ಷೆಗಳನ್ನು ನಿಯಮಕ್ಕೆ ಜೋತುಬೀಳುವವರಿಗೂ ಹಚ್ಚಬಹುದು. ರೋಗಿಯ ಹಿತಕ್ಕೆ ನಿಯಮ ಪಾಲಿಸುವುದು ಒಂದು, ನಾಳೆ ದೂರು ಬಂದರೆ ತಪ್ಪಿಸಿಕೊಳ್ಳಲಿಕ್ಕೆ ಪಾಲಿಸುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ತರಹ ಕಂಡರೂ ನಿಯ್ಯತ್ ಬೇರೆ. ಕರ್ಮಗಳ ಮೌಲ್ಯ ಉದ್ದೇಶವನ್ನು ಅವಲಂಬಿಸಿದೆಯೆಂದು ನಾವು ಕಲಿತದ್ದು ನಮಾಝಿಗೆ ಮಾತ್ರವಲ್ಲ.

ಒಂದು ನ್ಯಾಯವಾದ ಆಕ್ಷೇಪವನ್ನೂ ಕೇಳೋಣ. ಸರಕಾರಿ ಆಸ್ಪತ್ರೆಯಲ್ಲಿ ಬಾಗಿಲಾಚೆ ಉದ್ದನೆಯ ಸಾಲು ನಿಂತಿರುವಾಗ ಒಬ್ಬೊಬ್ಬರ ಊರು, ಬದುಕು, ಕಷ್ಟ ಕೇಳುತ್ತ ಕೂರಲು ಡಾಕ್ಟರಿಗೆ ಪುರುಸೊತ್ತೆಲ್ಲಿ? ಆಕ್ಷೇಪ ನಿಜ. ವೈದ್ಯರ ಸಂಖ್ಯೆ ಹೆಚ್ಚಬೇಕೆಂಬ ಬೇಡಿಕೆಯೂ ನಿಜ. ಆದರೆ ಸಿದ್ಧ ಕ್ರಮವೊಂದು ಇರುವುದರಿಂದಲೇ ಔಷಧದ ಹೆಸರು, ಅಳತೆಗಳ ಬಗ್ಗೆ ಪ್ರತಿಸಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹಾಗೆ ಉಳಿದ ಎರಡು ನಿಮಿಷವನ್ನು ರೋಗಿಯ ಮುಖ ನೋಡಲು ಬಳಸಬಹುದು. "ಈ ಮಾತ್ರೆ ತೆಗೆದುಕೊಳ್ಳಲು ನಿಮಗೇನಾದರೂ ತೊಂದರೆ ಇದೆಯೇ?" ಎಂಬ ಒಂದು ಪ್ರಶ್ನೆಗೆ ಎಷ್ಟು ಹೊತ್ತು ಬೇಕು?

ನಮ್ಮ ಪಾಲಿನ ಹೊಣೆ

ವೈದ್ಯರ ಕರ್ತವ್ಯವನ್ನು ಹೇಳಿ ಮುಗಿಸಿದರೆ ನಾವು ನ್ಯಾಯವಂತರಾಗುವುದಿಲ್ಲ. ನಮ್ಮನ್ನು ಬೇರೆಯಾಗಿ ನೋಡಬೇಕೆಂದು ಬಯಸುವ ನಾವು ನಮ್ಮ ಬಗ್ಗೆ ಅವರಿಗೆ ಹೇಳುವುದೆಷ್ಟು? ಹಕೀಮರ ಪುಡಿಯನ್ನೂ ಸೇವಿಸುತ್ತಿರುವುದು, ದುಡ್ಡಿಲ್ಲದೆ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟಿರುವುದು, ಮೈ ಹಗುರವಾಯಿತೆಂದು ಎರಡೇ ತಿಂಗಳಿಗೆ ಕ್ಷಯದ ಔಷಧ ನಿಲ್ಲಿಸಿರುವುದು, ಇವನ್ನೆಲ್ಲ ಮುಚ್ಚಿಟ್ಟು "ಡಾಕ್ಟರ ಔಷಧ ಹಿಡಿಯಲಿಲ್ಲ" ಎನ್ನುತ್ತೇವೆ. ವೈದ್ಯರಿಗೆ ಪರಿಚಯವೇ ಆಗದ ರೋಗಿಯಾಗಿ ಉಳಿದು, ನನ್ನನ್ನು ಯಾಕೆ ಗುರುತಿಸಲಿಲ್ಲ ಎಂದು ಕೇಳುವುದು ಎಷ್ಟು ಸರಿ?

ಇನ್ನು ಕೆಲವರು ಬೇರೆ ಬಗೆಯವರು. "ಸಲೈನ್ ಹಾಕಿ, ಇಂಜೆಕ್ಷನ್ ಕೊಡಿ, ನಮ್ಮ ಹುಡುಗನಿಗೆ ಮಾತ್ರೆಯಿಂದ ಗುಣವಾಗುವುದಿಲ್ಲ" ಎಂದು ಹಟ ಹಿಡಿಯುತ್ತಾರೆ. ನಮ್ಮ ವಿಷಯ ಬೇರೆ ಎಂಬ ಈ ವಾದಕ್ಕೆ ದೇಹದಲ್ಲಾಗಲಿ ಬದುಕಿನಲ್ಲಾಗಲಿ ಆಧಾರವಿರುವುದಿಲ್ಲ. ವೈದ್ಯರು ಬೇಡವೆಂದರೆ ಬೇಸರಿಸಿಕೊಂಡು ಹೇಳಿದಂತೆ ಚುಚ್ಚುವವರ ಬಳಿಗೆ ಹೋಗುತ್ತಾರೆ. ಅದು ರುಖ್ಸತ್ ಅಲ್ಲ, ಬರಿಯ ಮನಸ್ಸಿನ ಬಯಕೆ.

ಮತ್ತೊಂದು ಮುಖ್ಯ ಸಂಗತಿ ನಮ್ಮ ಹೆಣ್ಣುಮಕ್ಕಳದು. ರೋಗ ಅವಳದು, ಆದರೆ ಡಾಕ್ಟರ ಪ್ರಶ್ನೆಗೆ ಉತ್ತರಿಸುವವರು ಗಂಡ, ಅತ್ತೆ, ಮೈದುನ. ಬೆಳಗಾವಿಯಂಥ ಊರಿನಲ್ಲಿ ವೈದ್ಯರ ಮಾತು ಕನ್ನಡ, ಸಿಸ್ಟರ್ ಮಾತು ಮರಾಠಿ, ರೋಗಿಯ ಮಾತು ಉರ್ದು ಆಗಿರುವುದು ಸಾಮಾನ್ಯ. ಹೀಗಿರುವಾಗ ಅವಳ ನೋವು ಎರಡು ಮೂರು ಬಾಯಿ ದಾಟಿ ವೈದ್ಯರ ಕಿವಿಗೆ ಬೀಳುವಷ್ಟರಲ್ಲಿ ಏನೋ ಆಗಿರುತ್ತದೆ. ಅವಳನ್ನೇ ಮಾತನಾಡಲು ಬಿಡಿ. ಭಾಷೆ ಬಾರದಿದ್ದರೆ ಅವಳು ನಂಬುವ ಒಬ್ಬ ಹೆಂಗಸನ್ನು ಜೊತೆಗೆ ಕಳುಹಿಸಿ. ನಮ್ಮ ಹೆಣ್ಣುಮಕ್ಕಳಿಗೆ ನಾಡಿನ ಭಾಷೆಯನ್ನು ಚೆನ್ನಾಗಿ ಕಲಿಸಿ. ಅದು ಪರೀಕ್ಷೆಯ ಅಂಕಕ್ಕೆ ಮಾತ್ರವಲ್ಲ, ಹೆರಿಗೆ ಕೋಣೆಯಲ್ಲಿ "ನನಗೆ ತಲೆಸುತ್ತುತ್ತಿದೆ, ಕಣ್ಣು ಕತ್ತಲೆಯಾಗುತ್ತಿದೆ" ಎಂದು ಹೇಳಲಿಕ್ಕೂ ಬೇಕು. ಹದಿನೆಂಟರಲ್ಲಿ ಆ ಒಬ್ಬಳು ನಮ್ಮ ಮನೆಯವಳೇ ಆಗಿರಬಹುದಲ್ಲವೇ?

ಓದುಗರೇ, ಆಸ್ಪತ್ರೆಗೆ ಹೋಗುವಾಗ ಎರಡು ಮಾತುಗಳನ್ನು ನೆನಪಿಡಿ. "ಎಲ್ಲರಿಗೂ ಹೀಗೆ" ಎಂದು ವೈದ್ಯರು ಹೇಳಿದಾಗ ಸಿಟ್ಟಾಗಬೇಡಿ. ಆ 'ಎಲ್ಲರ' ಹಿಂದೆ ಸಾವಿರಾರು ರೋಗಿಗಳು ನಿಂತಿದ್ದಾರೆ. ಆದರೆ "ನನಗೆ ಇಂತಹ ತೊಂದರೆ ಇದೆ, ನನಗೂ ಹೀಗೆಯೇ ಸರಿಯೇ?" ಎಂದು ವಿನಯದಿಂದ ಕೇಳದೆ ಏಳಲೂಬೇಡಿ. ಕೇಳುವುದೇ ಅಜ್ಞಾನಕ್ಕೆ ಮದ್ದಾದರೆ, ಆ ಮದ್ದು ರೋಗಿಗೂ ಬೇಕು, ವೈದ್ಯನಿಗೂ ಬೇಕು. ನಮ್ಮ ಮಕ್ಕಳಲ್ಲಿ ವೈದ್ಯರೂ ನರ್ಸ್‌ಗಳೂ ಆಗುವವರಿಗೆ, ಬಹಳ ಜನರು ಬಿಟ್ಟುಹೋದ ತಿಳಿವಳಿಕೆಯನ್ನು ಗೌರವಿಸುವ ಬುದ್ಧಿಯನ್ನೂ, ಎದುರಿಗಿರುವ ಒಬ್ಬರ ನಾಡಿ ಹಿಡಿದು ಆಲಿಸುವ ತಾಳ್ಮೆಯನ್ನೂ ಅಲ್ಲಾಹನು ಕರುಣಿಸಲಿ. ರೋಗದಲ್ಲಿರುವ ಎಲ್ಲರಿಗೂ ಅವನು ಗುಣ ನೀಡಲಿ. ಆಮೀನ್.